ಕೆಂಪಿ, ಮೂಕಿ ಮತ್ತು ಆರು ವರ್ಷದ ಹೂಂ

ಗದಗಿನ ಕಾರ್ಬೊರೇಟರ್ ಅಂದಾನಪ್ಪನ ಕಿವಿಯ ಕೀರ್ತಿಯನ್ನು ಪೂರ್ತಿ ಬರೆಯಲು ಹೊರಟರೆ ಬೆಟಗೇರಿಯ ಅಷ್ಟೂ ಮುದ್ರಣಾಲಯಗಳ ಕಾಗದ ಮುಗಿದು, ಪಂಚಾಂಗ ಅಚ್ಚಾಗದೆ, ಮುಂದಿನ ಯುಗಾದಿ ಯಾವ ವಾರ ಎಂದು ಜನಕ್ಕೆ ತಿಳಿಯದೆ ಹೋದೀತು. ಆದಕಾರಣ ನೂರರಲ್ಲಿ ಒಂದು ಪಾಲು ಹೇಳಿ ನಿಲ್ಲಿಸುವುದು ಕ್ಷೇಮ. ಆತ ಗ್ಯಾರೇಜಿನ ಬಾಗಿಲಲ್ಲಿ ಚಹಾ ಕುಡಿಯುತ್ತ ಕೂತು, ಮುಳಗುಂದ ನಾಕಾದಲ್ಲಿ ತಿರುಗಿದ ಲಾರಿಯ ಸದ್ದಿಗೆ ತಲೆ ವಾಲಿಸಿ, "ಮೂರನೇ ಸಿಲಿಂಡರ್ ಸೋಮಾರಿ ಆಗೇತಿ, ಡ್ರೈವರಗ ನೆಗಡಿ ಬಂದೈತಿ" ಎನ್ನುತ್ತಿದ್ದ. ಲಾರಿ ಬಂದು ನಿಂತರೆ ಡ್ರೈವರ್ ಸೀನುತ್ತಲೇ ಇಳಿಯುತ್ತಿದ್ದ. ಇದರಲ್ಲಿ ಸುಳ್ಳಿದ್ದರೆ ಆ ಡ್ರೈವರನ ಮೂಗನ್ನೇ ಕೇಳಬಹುದು.

ಕಿವಿಗೆ ತಕ್ಕ ಗಾಡಿಯೂ ಇತ್ತು. ಹೆಸರು ಕೆಂಪಿ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ಸವರುವಷ್ಟು ಗಿಡ್ಡ, ಮೂಗು ಮಾತ್ರ ಎಷ್ಟು ಉದ್ದವೆಂದರೆ ಅದು ಲಕ್ಕುಂಡಿ ಮುಟ್ಟಿದ ಎಷ್ಟೋ ಹೊತ್ತಿನ ಮೇಲೆ ಬಾಲ ಗದಗು ಬಿಡುತ್ತಿತ್ತು. ಹಿಂದೆ ಯಾವುದೋ ಕಾಲಕ್ಕೆ ಹತ್ತಿ ವ್ಯಾಪಾರಿಯೊಬ್ಬರು ಹಡಗಿನಲ್ಲಿ ತರಿಸಿದ್ದು. ಮುಂದಿನ ಬಿಲ್ಲೆ ಉದುರಿಹೋಗಿದ್ದರಿಂದ ಯಾವ ದೇಶದ್ದು, ಯಾವ ಕಂಪನಿಯದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ಅಂದಾನಪ್ಪನನ್ನು ಕೇಳಿದರೆ "ನಂದು" ಎನ್ನುತ್ತಿದ್ದ. ಅದು ಪೆಟ್ರೋಲು ಕುಡಿದು ಗಂಟಲು ತೆರೆಯಿತೆಂದರೆ ಹುಲಕೋಟಿಯ ಎಮ್ಮೆಗಳು ಕರುವಿಲ್ಲದೆಯೇ ಹಾಲು ತೊರೆ ಬಿಡುತ್ತಿದ್ದವು.

ಇದೆಲ್ಲ ಆರು ವರ್ಷದ ಹಿಂದಿನ ಮಾತು. ಆಮೇಲೆ ಆ ಕಿವಿಗಳು ಒಂದರ ಹಿಂದೆ ಒಂದು, ದನ ಕೊಟ್ಟಿಗೆಗೆ ಹೋದ ಹಾಗೆ ಸದ್ದಿಲ್ಲದೆ ಹೋಗಿಬಿಟ್ಟವು.

ಇದು ಯಾರಿಗೂ ತಿಳಿಯಲಿಲ್ಲ ಎಂಬುದು ಅಂದಾನಪ್ಪನ ಭರವಸೆ. ಅಕ್ಕಿಕಾಳಿನಷ್ಟು ಯಂತ್ರವನ್ನು ಕಿವಿಯ ಹಿಂದಿನ ಎಲುಬಿಗೆ ಕೂರಿಸಿ ಕೇಳುವ ಹಾಗೆ ಮಾಡುವ ವೈದ್ಯರು ಹುಬ್ಬಳ್ಳಿಯ ಓಣಿಗೊಬ್ಬರಿದ್ದರು. ಆದರೆ ಕೂರಿಸಿಕೊಳ್ಳಲು ಮೊದಲು ಕಿವುಡನೆಂದು ಒಪ್ಪಬೇಕಲ್ಲ. ಆತ ಬೇರೆ ದಾರಿ ಹುಡುಕಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಕಟ್ಟಿಗೆಯ ಹಿಡಿಯನ್ನು ಹಲ್ಲಲ್ಲಿ ಕಚ್ಚುತ್ತಿದ್ದ. ಎಂಜಿನ್ನಿನ ನಡುಕ ಕಬ್ಬಿಣ ಹತ್ತಿ, ಹಲ್ಲು ಹತ್ತಿ, ದವಡೆಯ ಎಲುಬು ಹಿಡಿದು ಒಳಗೆ ನಡೆದು ಬರುತ್ತಿತ್ತು. ನೋಡಿದವರು ಇದನ್ನೊಂದು ಹೊಸ ವಿದ್ಯೆಯೆಂದು ತಿಳಿದರು. ವರ್ಷ ತುಂಬುವುದರೊಳಗೆ ಮೂರು ಜಿಲ್ಲೆಯ ಮೆಕ್ಯಾನಿಕ್ಕುಗಳು, ಕಿವಿ ಗಟ್ಟಿಯಿದ್ದವರೂ, ಸ್ಕ್ರೂಡ್ರೈವರ್ ಕಚ್ಚತೊಡಗಿದರು. ಹಲ್ಲಿನ ಡಾಕ್ಟರುಗಳಿಗೆ ಸುಗ್ಗಿ.

ಮನೆಯಲ್ಲಿ ಸ್ಕ್ರೂಡ್ರೈವರ್ ನಡೆಯುವಂತಿರಲಿಲ್ಲ. ಅಲ್ಲಿ ಮೂರು ಮಾತಿನಿಂದ ಸಂಸಾರ ಸಾಗುತ್ತಿತ್ತು: "ಹೂಂ", "ಚೊಲೊ ಆತು", "ನೀ ಹೇಳಿದಂಗ." ಹೆಂಡತಿ ದ್ರಾಕ್ಷಾಯಣಿಯ ತುಟಿ ಆಡುವುದು ನಿಂತ ಕೂಡಲೇ ಇವುಗಳಲ್ಲೊಂದನ್ನು ಎಸೆದುಬಿಡುವುದು. ಹೀಗೆ ಎಸೆದ ಹೂಂಗಳ ಫಲವಾಗಿ ಆರು ವರ್ಷದಲ್ಲಿ ಮನೆಯ ಗೋಡೆಗಳು ಗಿಣಿಹಸಿರು ಬಣ್ಣಕ್ಕೆ ತಿರುಗಿದ್ದವು, ಎರಡು ಬೆಕ್ಕು ಬಂದಿದ್ದವು, ಹಿತ್ತಲಲ್ಲಿ ಕೋಡು ತಿರುಚಿದ ಟಗರೊಂದು ಗೋಡೆಗೆ ಹಾಯುತ್ತಿತ್ತು. ಯಾವ ದಿನ ಯಾವುದಕ್ಕೆ ಹೂಂ ಎಂದೆನೆಂಬುದು ಆ ವಸ್ತು ಬಾಗಿಲಿಗೆ ಬಂದಾಗಲೇ ಆತನಿಗೆ ತಿಳಿಯುತ್ತಿದ್ದುದು.

ಈಗ ಬಾಗಿಲಿಗೆ ಬಂದಿದ್ದು ಕಾರು.

ದ್ರಾಕ್ಷಾಯಣಿ ಸಾಮಾನ್ಯಳಲ್ಲ. ಕಪ್ಪತಗುಡ್ಡದ ಮೇಲಿನ ನಾಲ್ಕುನೂರು ಗಾಳಿಯಂತ್ರಗಳನ್ನು ನಿಯಂತ್ರಣ ಕೊಠಡಿಯಲ್ಲಿ ಕೂತು ಮೂವತ್ತು ವರ್ಷ ತಿರುಗಿಸಿದಾಕೆ. ಯಾವ ರೆಕ್ಕೆ ಎಲ್ಲಿ ಕುಂಟುತ್ತಿದೆಯೆಂದು ಪರದೆಯ ಮೇಲಿನ ಗೆರೆ ನೋಡಿ ಹೇಳುತ್ತಿದ್ದಳು. ಆಕೆ ನಿವೃತ್ತಳಾದ ದಿನ ಗಾಳಿ ಮೂರು ತಾಸು ಬೇಸರದಿಂದ ಬೀಸಲಿಲ್ಲ ಎನ್ನುತ್ತಾರೆ. ಕಂಪನಿಯವರು ಹಾರ, ಶಾಲಿನ ಜೊತೆಗೆ ಒಂದು ವಿದ್ಯುತ್ ಕಾರನ್ನೂ ಕೊಟ್ಟರು. ನಾಲ್ಕು ಬಾಗಿಲು, ಹಾಲಿನ ಕೆನೆಯ ಬಣ್ಣ, ಕಪ್ಪತಗುಡ್ಡದ ಗಾಳಿಯನ್ನೇ ಉಂಡು ಓಡುವಂಥದ್ದು. ನಿಂತಲ್ಲಿಂದ ನೂರರ ವೇಗಕ್ಕೆ ಎರಡೂವರೆ ಸೆಕೆಂಡು. ಹತ್ತಿದವರ ನೆರಳು ಗದಗಿನಲ್ಲೇ ಉಳಿದು, ಆಮೇಲೆ ಬಸ್ಸು ಹಿಡಿದು ಬಂದು ಕೂಡಿಕೊಳ್ಳಬೇಕಾಗುತ್ತಿತ್ತು. ಸದ್ದು ಮಾತ್ರ ಇಲ್ಲವೇ ಇಲ್ಲ. ಅಂದಾನಪ್ಪ ಅದಕ್ಕೆ ನೋಡಿದ ಕೂಡಲೇ ಹೆಸರಿಟ್ಟ: ಮೂಕಿ.

ತೊಡಕು ಕಾನೂನಿನದು. ಆ ಕಾಲಕ್ಕೆ ಒಂದು ಮನೆಗೆ ಒಂದೇ ಗಾಡಿ. ಆಯುಧಪೂಜೆಯ ದಿನ ಸಂಜೆಯೊಳಗೆ ಗಂಡ ಹೆಂಡತಿ ಇಬ್ಬರೂ ಒಂದೇ ಗಾಡಿಯ ಹೆಸರಿಗೆ ಹೆಬ್ಬೆಟ್ಟು ಒತ್ತಬೇಕು. ಕೆಂಪಿ ಉಳಿದರೆ ಮೂಕಿ ಕಂಪನಿಗೆ ವಾಪಸ್. ಮೂಕಿ ಉಳಿದರೆ ಕೆಂಪಿ ಹುಬ್ಬಳ್ಳಿಯ ವಸ್ತುಸಂಗ್ರಹಾಲಯಕ್ಕೆ, ಟ್ಯಾಂಕು ಒಣಗಿಸಿ, ಕಲ್ಲಿನ ಮೇಲೆ ಕೂರಿಸಿ, ಮುಂದೊಂದು ಹಗ್ಗ ಕಟ್ಟಿ.

ದ್ರಾಕ್ಷಾಯಣಿಯ ತುಟಿ ಬಹಳ ಹೊತ್ತು ಆಡಿತು. ನಿಂತಿತು.

"ನೀ ಹೇಳಿದಂಗ" ಎಂದ ಅಂದಾನಪ್ಪ.

ಆಕೆ ಆತನ ಮುಖವನ್ನು ಎರಡು ರೊಟ್ಟಿ ಬೇಯುವಷ್ಟು ಹೊತ್ತು ನೋಡಿ, ಒಂದು ಚೀಟಿ ಕೈಗಿಟ್ಟು ಒಳಗೆ ಹೋದಳು. ಚೀಟಿಯಲ್ಲಿ ಬರೆದಿತ್ತು: ಮುನ್ಸವಾರಿ ಕೇಂದ್ರ, ಬೆಟಗೇರಿ. ಮಂಗಳವಾರ, ಬೆಳಿಗ್ಗೆ ಹನ್ನೊಂದು.

*

ಮುನ್ಸವಾರಿ ಎಂದರೆ, ಗಾಡಿ ಕೊಳ್ಳುವ ಮೊದಲು ಅದರ ಜೊತೆ ಹತ್ತು ವರ್ಷ ಬಾಳಿ ನೋಡುವುದು. ಹತ್ತು ವರ್ಷಕ್ಕೆ ಹಿಡಿಯುವುದು ಇಪ್ಪತ್ತು ನಿಮಿಷ. ಹಿಂದೆ ಶಾಲೆಯ ನೋಟ್‌ಬುಕ್ಕು ಅಚ್ಚು ಹಾಕುತ್ತಿದ್ದ ಹಳೆಯ ಮುದ್ರಣಾಲಯದಲ್ಲಿ, ಇನ್ನೂ ಮಸಿಯ ವಾಸನೆ ಹೋಗದ ಕೋಣೆಯಲ್ಲಿ, ಒಂದು ಒರಗುವ ಕುರ್ಚಿ. ತಲೆಗೆ ಜೇಡರ ಬಲೆಯಂಥ ಟೊಪ್ಪಿಗೆ. ಗಾಜಿನ ಆಚೆ ಬಿಲ್ಕೀಸ್ ಎಂಬ ಹುಡುಗಿ ಹತ್ತು ಪರದೆಗಳ ಮುಂದೆ ಕೂತು ಗೆರೆ ಕಾಯುತ್ತಿದ್ದಳು. ಎದ್ದವರ ಕಿವಿ ಸ್ವಲ್ಪ ಹೊತ್ತು ಮಂಕಾಗಿರುತ್ತದೆಂದು ಆಕೆ ಆಡಿದ ಮಾತೆಲ್ಲ ಗಾಜಿನ ಮೇಲೆ ಅಕ್ಷರವಾಗಿ ಮೂಡುವ ವ್ಯವಸ್ಥೆಯಿತ್ತು. ಅಂದಾನಪ್ಪನಿಗೆ ಆ ಗಾಜನ್ನು ಕಿತ್ತು ಮನೆಗೊಯ್ಯಬೇಕೆನಿಸಿತು.

"ಕಾಕಾ, ಒಂದ ಮಾತು ನೆನಪಿಡ್ರಿ" ಎಂದಿತು ಗಾಜು. "ಗಾಡಿ ತೂಕ, ವೇಗ ಅಷ್ಟ ನಾವು ಕೊಡೂದು. ಉಳಿದದ್ದೆಲ್ಲ, ರಸ್ತಾ, ಮಂದಿ, ಸಪ್ಪಳ, ನಿಮ್ಮ ತಲ್ಯಾಗಿನ ಕಣಜದಿಂದನ ಬರಬೇಕು. ಯಂತ್ರ ತನ್ನ ಕೈಯಿಂದ ಒಂದ ಸಾಸಿವಿ ಕಾಳೂ ಹಾಕೂದಿಲ್ಲ."

"ನನ್ನ ಕಣಜ ನೋಡಿದ್ರ ನಿನ್ನ ಯಂತ್ರ ಹೆದರತೈತಿ, ತಂಗಿ" ಎಂದು ಅಂದಾನಪ್ಪ ಕಣ್ಣು ಮುಚ್ಚಿದ.

ಮೊದಲು ಕೆಂಪಿ.

ಕೀಲಿ ತಿರುಗಿತು. ಮತ್ತು ಆರು ವರ್ಷದಿಂದ ಬಾಗಿಲು ಹಾಕಿದ್ದ ಲೋಕ ಒಮ್ಮೆಲೇ ತೆರೆಯಿತು. ಕೆಂಪಿ ಹಾಡುತ್ತಿದ್ದಳು. ಹಲ್ಲಿನ ಮೂಲಕ ಕದ್ದು ಬರುವ ನಡುಕವಲ್ಲ, ಮಳೆಯ ಹಾಗೆ ಮೈತುಂಬ ಬೀಳುವ ನಾದ. ನಾಲ್ಕೂ ಸಿಲಿಂಡರು ನಾಲ್ಕು ಮಂದಿ ಅಣ್ಣತಮ್ಮಂದಿರ ಹಾಗೆ ಒಂದೇ ಪದವನ್ನು ಎತ್ತಿ ಕೊಡುತ್ತಿದ್ದವು. ಡಂಬಳದ ಕೆರೆಯ ಏರಿ ಜಾರಿ ಹಿಂದೆ ಹೋಯಿತು. ಸೂರ್ಯಕಾಂತಿಯ ಹೊಲಗಳು ಸೂರ್ಯನನ್ನು ಬಿಟ್ಟು ಕೆಂಪಿಯ ಕಡೆಗೆ ಕತ್ತು ತಿರುಗಿಸಿದವು. ವರ್ಷಗಳು ಮೈಲಿಗಲ್ಲಿನ ಹಾಗೆ ಬಂದು ಬಂದು ಸರಿದವು. ಒಂದು ದೀಪಾವಳಿ, ಒಂದು ಮುಂಗಾರು, ಮತ್ತೊಂದು ದೀಪಾವಳಿ. ಕಪ್ಪತಗುಡ್ಡದ ನೆತ್ತಿಯಲ್ಲಿ ಬಿಳಿ ರೆಕ್ಕೆಗಳು ಮೋಡವನ್ನು ಮಜ್ಜಿಗೆಯಂತೆ ಕಡೆಯುತ್ತಿದ್ದವು, ಬೆಣ್ಣೆ ರಸ್ತೆಯ ಮೇಲೆ ಬೀಳುತ್ತಿತ್ತು.

ಪಕ್ಕದಲ್ಲಿ ದ್ರಾಕ್ಷಾಯಣಿ. ಆಕೆಯ ಕೂದಲು ವರ್ಷವರ್ಷಕ್ಕೆ ಬೆಳ್ಳಗಾಗುತ್ತ ಬಂತು. ದನಿ ಮಾತ್ರ ಹೊಸ ಮದುವಣಗಿತ್ತಿಯದು. "ಮುಂದ ಉಬ್ಬೈತಿ, ಸಾವಕಾಶ" ಎನ್ನುತ್ತಿದ್ದಳು. "ಸೆರಗು ಹಾರತೈತ್ರಿ" ಎನ್ನುತ್ತಿದ್ದಳು. "ಗಿರಮಿಟ್ ತಿನ್ನೂಣೇನ್ರಿ?" ಎನ್ನುತ್ತಿದ್ದಳು. ಅಂದಾನಪ್ಪನಿಗೆ ಆ ದನಿ ಕೇಳಿ ಕನಸಿನೊಳಗೇ ಕಣ್ಣು ತುಂಬಿ, ರಸ್ತೆ ಮಂಜಾಗಿ, ಹತ್ತು ವರ್ಷ ಹತ್ತು ಉಸಿರಿನ ಹಾಗೆ ಮುಗಿದುಹೋಯಿತು.

ಆಮೇಲೆ ಮೂಕಿ.

ಇಲ್ಲಿ ಓಡಿಸುತ್ತಿದ್ದವಳು ದ್ರಾಕ್ಷಾಯಣಿ. ರಸ್ತೆ ರೇಶಿಮೆಯ ಥಾನು ಬಿಚ್ಚಿದ ಹಾಗೆ ಉರುಳುತ್ತಿತ್ತು. ಊರುಗಳು ತೇಲಿ ಬಂದು ತೇಲಿ ಹೋದವು. ಸದ್ದಿಲ್ಲ. ಹೊರಗೆ ಮಳೆ ಹೊಡೆಯಿತು, ಸದ್ದಿಲ್ಲ. ದ್ರಾಕ್ಷಾಯಣಿಯ ತುಟಿ ಆಡಿತು, ಒಂದು ವರ್ಷ, ಎರಡು ವರ್ಷ, ಆರು ವರ್ಷ. ನಕ್ಕಳು, ಸದ್ದಿಲ್ಲ. ಒಮ್ಮೆ ಯಾವುದೋ ಊರ ಹೊರಗೆ ಗಾಡಿ ನಿಲ್ಲಿಸಿ ಅತ್ತಳು. ಅದಕ್ಕೂ ಸದ್ದಿರಲಿಲ್ಲ. ಹತ್ತು ವರ್ಷ ಅಂದಾನಪ್ಪ ಹತ್ತಿಯ ಮೂಟೆಯೊಳಗೆ ಹೊಲಿದ ಹಾಗೆ ಕೂತಿದ್ದ.

ಎದ್ದಾಗ ಅಂಗಿ ಬೆವರಿಗೆ ಅಂಟಿತ್ತು. "ಆ ಗಾಡಿ ಗಾಡಿಯಲ್ಲ, ಚಟ್ಟ" ಎಂದ. "ನಂದು ತೀರ್ಮಾನ ಆತು. ಕೆಂಪಿ."

ಬಿಲ್ಕೀಸ್ ಪರದೆಯ ಗೆರೆಗಳನ್ನು ಹಿಂದೆ ಮುಂದೆ ಎಳೆದಳು. ಆಮೇಲೆ ಗಾಜಿನ ಮೇಲೆ ಅಕ್ಷರ ಒಂದೊಂದಾಗಿ ಬಂದವು.

"ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಸಪ್ಪಳದ ಕಣಜಕ್ಕ ಆರು ವರ್ಷದಿಂದ ಹೊಸಾ ಕಾಳು ಬಿದ್ದಿಲ್ಲ. ಮೂಕಿಯೊಳಗ ಏನೂ ಕೇಳಲಿಲ್ಲಂದ್ರ ಅದು ಗಾಡಿ ತಪ್ಪಲ್ಲ."

ಅಂದಾನಪ್ಪ ಗಾಜನ್ನು ಬಿಟ್ಟು ಗೋಡೆ ನೋಡಿದ. ಆರು ವರ್ಷ ಬಚ್ಚಿಟ್ಟದ್ದನ್ನು ಒಂದು ಗೆರೆ ಹೇಳಿಬಿಟ್ಟಿತ್ತು. "ಯಾರಿಗೂ ಹೇಳಬ್ಯಾಡ, ತಂಗಿ. ನನ್ನ ಹೆಸರು ನಿಂತಿದ್ದ ಈ ಎರಡ ಕಿವಿ ಮ್ಯಾಲ."

"ಹೇಳೂದಿಲ್ಲ. ಆದ್ರ ಇನ್ನೊಂದ ನೋಡ್ರಿ. ಕೆಂಪಿಯೊಳಗ ಕಾಕು ಹತ್ತ ವರ್ಷ ಮಾತಾಡ್ಯಾರಲ್ಲ, ಅವೆಷ್ಟು ಮಾತು ಗೊತ್ತೇನು? ಹನ್ನೊಂದು. ಅವನ್ನ ತಿರುಗಿಸಿ ತಿರುಗಿಸಿ ಆಡ್ಯಾರ. ಗಿರಮಿಟ್ ಒಂದ ನಾಕ ಸಾವಿರ ಸಲ ಕೇಳ್ಯಾರ."

"ಆರು ವರ್ಷ ಕಿವಿ ಇರಲಿಲ್ಲ, ಅದಕ್ಕ."

"ಅದರ ಹಿಂದಿನ ಇಪ್ಪತ್ತೈದು ವರ್ಷ ಕಿವಿ ಇತ್ತಲ್ರಿ, ಕಾಕಾ. ಎಂಜಿನ್ನಿನ ಸಪ್ಪಳ ನಿಮ್ಮ ಕಣಜದಾಗ ಲಕ್ಷಗಟ್ಟಲೆ ಐತಿ. ವಾಲ್ವಿನದ್ದ ಬ್ಯಾರೆ, ಪ್ಲಗ್ಗಿನದ್ದ ಬ್ಯಾರೆ. ಅದರ ಮ್ಯಾಲೆ ಏರಿ ಬಂದ ಕಾಕುನ ಮಾತು ಹನ್ನೊಂದ."

ಅಂದಾನಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಕಾಕುನೂ ನಿನ್ನೆ ಬಂದಿದ್ರು" ಎಂದು ಗಾಜು ಕೊನೆಗೆ ಹೇಳಿತು. "ಅವರಿಗೆ ಏನ್ ಕಂಡ್ತು ಅಂತ ಹೇಳೂದು ನಮ್ಮ ರೂಲಿನಾಗ ಇಲ್ಲ. ನೀವ ಕೇಳ್ರಿ."

*

ಮೂರು ದಿನ ಅಂದಾನಪ್ಪ ಹನ್ನೆರಡನೆಯ ಮಾತನ್ನು ಹುಡುಕಿದ. ಕೂತಲ್ಲಿ ಹುಡುಕಿದ, ಉಂಡಲ್ಲಿ ಹುಡುಕಿದ. ಆತ ತಲೆಯೊಳಗೆ ಅಗೆದ ಆಳಕ್ಕೆ ಬಾವಿ ತೋಡಿದ್ದರೆ ಗದಗು ಪಟ್ಟಣ ನೂರು ವರ್ಷ ನೀರಿಗೆ ಅಳುತ್ತಿರಲಿಲ್ಲ. ಮದುವೆಯ ಮನೆಯಲ್ಲಿ ಆಕೆ ಏನೋ ಹೇಳಿ ನಕ್ಕದ್ದು ಕಂಡಿತು, ಮಾತು ಬರಲಿಲ್ಲ. ನಿಯಂತ್ರಣ ಕೊಠಡಿಯ ಮೊದಲ ದಿನ ಮುಗಿಸಿ ಕೆಂಪಿ ಹತ್ತಿ ಕೂತು, ಕೈ ಬೀಸಿ ಬೀಸಿ ಏನೋ ವರ್ಣಿಸಿದ್ದು ಕಂಡಿತು. ಆಗ ತಾನು ಎರಡನೇ ಗೇರಿನ ಕರಕರ ಸದ್ದು ಕೇಳುತ್ತಿದ್ದದ್ದೂ ನೆನಪಾಯಿತು. ಆ ಕರಕರ ಈಗಲೂ ಚೊಕ್ಕಟವಾಗಿ ಕೇಳುತ್ತಿತ್ತು.

ಹಿತ್ತಲ ಬಾಗಿಲಿಗೆ ನಿಂತು ನೋಡಿದ. ದ್ರಾಕ್ಷಾಯಣಿ ಟಗರಿಗೆ ಮೇವು ಹಾಕುತ್ತ ಅದರೊಡನೆ ಮಾತಾಡುತ್ತಿದ್ದಳು. ಟಗರು ಮೇವು ಬಿಟ್ಟು ಆಕೆಯ ಮುಖ ನೋಡುತ್ತಿತ್ತು. ಬೆಕ್ಕುಗಳೆರಡೂ ಕಿವಿ ನಿಮಿರಿಸಿ ಕೂತಿದ್ದವು. ಆರು ವರ್ಷದ ಆಕೆಯ ಮಾತೆಲ್ಲ ಈ ಮನೆಯಲ್ಲಿ ಒಂದು ಟಗರಿಗೂ ಎರಡು ಬೆಕ್ಕಿಗೂ ಗೊತ್ತಿದೆ, ತನಗೊಬ್ಬನಿಗೆ ಗೊತ್ತಿಲ್ಲ ಎಂಬುದು ಅಂದಾನಪ್ಪನ ಎದೆಗೆ ಟಗರು ಹಾಯ್ದ ಹಾಗೆ ಬಡಿಯಿತು.

ಆಕೆ ತಿರುಗಿ ಏನೋ ಕೇಳಿದಳು. ಬಾಯಿ ತನ್ನಷ್ಟಕ್ಕೆ "ಹೂಂ" ಎಂದಿತು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

*

ಆಯುಧಪೂಜೆಯ ದಿನ ಎರಡು ಗಾಡಿಗಳೂ ಗಿಣಿಹಸಿರು ಮನೆಯ ಮುಂದೆ ಮೈ ತೊಳೆದುಕೊಂಡು ನಿಂತವು. ಕೆಂಪಿಯ ಉದ್ದ ಮೂಗಿಗೆ ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕಿದ್ದಾಯಿತು. ಮೂಕಿಗೂ ದ್ರಾಕ್ಷಾಯಣಿ ಅಷ್ಟೇ ಉದ್ದದ ಹಾರ ಹಾಕಿದಳು, ಒಂದು ಹೂವೂ ಹೆಚ್ಚಿಲ್ಲ. ಗ್ಯಾರೇಜಿನ ಸಾಮಾನುಗಳೂ ಪೂಜೆಗೆ ಕೂತಿದ್ದವು. ಹಿಡಿಯ ಮೇಲೆ ಹಲ್ಲಿನ ಗುರುತಿದ್ದ ಆ ಸ್ಕ್ರೂಡ್ರೈವರಿಗೂ ಆಕೆ ಕುಂಕುಮ ಹಚ್ಚಿದಳು. ಹಚ್ಚುವಾಗ ಹಲ್ಲಿನ ಗುರುತಿನ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

ಎರಡೂ ಗಾಡಿಯ ಗಾಲಿಗಳ ಕೆಳಗೆ ನಿಂಬೆಹಣ್ಣು. ಕೆಂಪಿಯನ್ನು ಅಂದಾನಪ್ಪ ಒಂದು ಮಾರು ಮುಂದಕ್ಕೆ ಬಿಟ್ಟ. ಓಣಿಯ ಮಂದಿ ಕಿವಿ ಮುಚ್ಚಿಕೊಂಡದ್ದು ನೋಡಿ ಕೆಂಪಿ ಹಾಡಿದಳೆಂದು ತಿಳಿದುಕೊಂಡ. ಮೂಕಿಯ ಬಾಗಿಲು ತೆರೆದು ದ್ರಾಕ್ಷಾಯಣಿ ಚಾಲಕಿಯ ಸೀಟಿಗೆ ಕೂತು, ಪಕ್ಕದ ಸೀಟನ್ನು ಅಂಗೈಯಿಂದ ತಟ್ಟಿದಳು. ಅಂದಾನಪ್ಪ ಹೋಗಿ ಕೂತ. ಸ್ಕ್ರೂಡ್ರೈವರು ಕೈಯಲ್ಲೇ ಇತ್ತು.

ಊರು ದಾಟಿದ್ದು ಗೊತ್ತಾಗಲಿಲ್ಲ. ಡಂಬಳ ದಾಟಿದ್ದಂತೂ ಡಂಬಳಕ್ಕೇ ಗೊತ್ತಾಗಲಿಲ್ಲ. ಕಪ್ಪತಗುಡ್ಡ ಎದುರಿಗೆ ಬಂತು, ಬಿಳಿ ರೆಕ್ಕೆಗಳು ಆಕಾಶದಲ್ಲಿ ನಿದ್ದೆಗಣ್ಣಿನಲ್ಲಿ ತಿರುಗುತ್ತಿದ್ದವು. ಎಲ್ಲವೂ ಬೆಟಗೇರಿಯ ಕುರ್ಚಿಯಲ್ಲಿ ಕಂಡ ಹಾಗೇ ಇತ್ತು. ಅದೇ ರೇಶಿಮೆ ರಸ್ತೆ, ಅದೇ ಮೌನ. ಅಂದಾನಪ್ಪನಿಗೆ ಎಚ್ಚರವೋ ಕನಸೋ ತಿಳಿಯದೆ ಭಯವಾಯಿತು. ಭಯವಾದಾಗ ಮೆಕ್ಯಾನಿಕ್ಕು ಏನು ಮಾಡುತ್ತಾನೋ ಅದನ್ನೇ ಮಾಡಿದ. ಸ್ಕ್ರೂಡ್ರೈವರಿನ ತುದಿಯನ್ನು ಎದುರಿನ ಡ್ಯಾಶ್‌ಬೋರ್ಡಿನ ಪಟ್ಟಿಗೆ ಊರಿ ಹಿಡಿಯನ್ನು ಹಲ್ಲಲ್ಲಿ ಕಚ್ಚಿದ.

ಜೇನುಹುಳವೊಂದು ಹತ್ತು ಹೊಲದ ಆಚೆ ಹಾರಿದಂಥ ಸಣ್ಣ ಗುಂಯ್ಗುಡುವಿಕೆ. ಅಷ್ಟೇ. ಕೆಂಪಿಯ ಒಳಗಾದರೆ ಈ ಕಬ್ಬಿಣದಲ್ಲಿ ಇಡೀ ಸಂತೆಯೇ ಬಂದು ಸೇರುತ್ತಿತ್ತು. ಇಲ್ಲಿ ಜಾಗ ಖಾಲಿ ಬಿದ್ದಿತ್ತು, ಯಾರು ಬೇಕಾದರೂ ಬಂದು ಕೂರುವಷ್ಟು.

ಗಾಡಿ ನಿಂತಿತು. ದ್ರಾಕ್ಷಾಯಣಿ ಪಟ್ಟಿಯ ಮೇಲಿದ್ದ ತುದಿಯನ್ನು ಮೆಲ್ಲಗೆ ಎತ್ತಿದಳು. ಬಗ್ಗಿ, ಅದನ್ನು ತನ್ನ ಗದ್ದದ ಎಲುಬಿಗೆ ಒತ್ತಿಕೊಂಡಳು.

"ಕೇಳಸ್ತೇನ್ರಿ?"

ಮದುವಣಗಿತ್ತಿಯ ದನಿಯಲ್ಲ. ಒರಟಾಗಿತ್ತು, ಅಂಚು ಸವೆದಿತ್ತು, ನಡುವೆ ಒಂದು ಸೀಳು. ಕಣಜದಲ್ಲಿ ಇಲ್ಲದ ದನಿ. ಅಂದಾನಪ್ಪ ಬಾಯಿ ಬಿಟ್ಟರೆ ದನಿ ತಪ್ಪಿಹೋದೀತೆಂದು ಹಿಡಿಯನ್ನು ಇನ್ನೂ ಬಿಗಿಯಾಗಿ ಕಚ್ಚಿ ತಲೆ ಆಡಿಸಿದ.

"ಆರು ವರ್ಷದಿಂದ ಗೊತ್ತೈತಿ ನನಗ" ಎಂದಳು. "ನೀವಾಗೇ ಹೇಳತೀರಂತ ಕಾದೆ. ಆ ಹಸಿರ ಬಣ್ಣ ನನಗೂ ಸೇರೂದಿಲ್ಲ. ಬ್ಯಾಡ ಅಂತೀರೇನಂತ ಕೇಳಿದ್ದೆ, ಹೂಂ ಅಂದ್ರಿ. ಬೆಕ್ಕು ತರಲೇನಂದೆ, ಹೂಂ. ಟಗರು ತರಲೇನಂದೆ. ಈಗರ ಬ್ಯಾಡ ಅಂದಾರು ಅಂತ ಅಗಸಿ ಬಾಗಲಾ ಮಟ ಸಾವಕಾಶ ಹೋದೆ. ನೀವು ಕರೀಲೇ ಇಲ್ಲ."

ಅಂದಾನಪ್ಪ ಹಿಡಿಯನ್ನು ಬಾಯಿಂದ ತೆಗೆದ. "ಇನ್ನೇನೇನ ಕೇಳಿದ್ದಿ?" ಎಂದು ಮತ್ತೆ ಕಚ್ಚಿಕೊಂಡ.

"ಹ್ವಾದ ವರ್ಷ ಕೇಳಿದ್ದೆ. ನಾ ಒಂದಿನ ಇಲ್ಲದಂಗಾದ್ರ ಹ್ಯಾಂಗ ಮಾಡತೀರಿ ಅಂತ."

ಅಂದಾನಪ್ಪ ಕಣ್ಣಿನಲ್ಲೇ ಕೇಳಿದ.

"'ಚೊಲೊ ಆತು' ಅಂದ್ರಿ. ನಕ್ಕೊಂತ."

ಹೊರಗೆ ಒಂದು ರೆಕ್ಕೆಯ ನೆರಳು ಗಾಡಿಯ ಮೇಲೆ ಹಾದುಹೋಯಿತು, ಇನ್ನೊಂದು ಹಾದುಹೋಯಿತು. ಅಂದಾನಪ್ಪನ ಹಲ್ಲು ಕಟ್ಟಿಗೆಯೊಳಗೆ ಇಳಿದ ಆಳವನ್ನು ಇವತ್ತಿಗೂ ಅಳೆಯಬಹುದು, ಅರ್ಧ ಬೆರಳಿದೆ.

"ಬೆಟಗೇರಿಯೊಳಗ ನನಗೂ ಹತ್ತ ವರ್ಷ ತೋರಿಸಿದ್ರು" ಎಂದಳು ದ್ರಾಕ್ಷಾಯಣಿ. "ಕೆಂಪಿಯೊಳಗೂ ನೀವಿದ್ರಿ, ಮೂಕಿಯೊಳಗೂ ನೀವಿದ್ರಿ. ಎರಡರಾಗೂ ಹತ್ತತ್ತು ವರ್ಷ ಬರೇ ಹೂಂ ಅಂದ್ರಿ. ಬ್ಯಾರೆ ಏನೂ ನನ್ನ ತಲ್ಯಾಗ ಉಳದಿರಲಿಲ್ಲ. ಯಾವ ಗಾಡಿ ಆದರೇನಂತ ಸುಮ್ಮ ಎದ್ದ ಬಂದೆ. ಕೆಂಪಿನ ಇಟ್ಕೊಳ್ರಿ. ನಾ ಹೆಬ್ಬೆಟ್ಟ ಒತ್ತತೀನಿ."

ಅಂದಾನಪ್ಪ ಬಾಯಿಂದ ಹಿಡಿ ತೆಗೆದು, ತನ್ನ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿದ.

"ಕೆಂಪಿ ಇಲ್ಲೈತಿ. ನಟ್ಟು ಬೋಲ್ಟ ಸಮೇತ, ಕೊನಿ ಪ್ಲಗ್ಗಿನ ಕೆಮ್ಮ ಸಮೇತ. ಹುಬ್ಬಳ್ಳಿಗೆ ಒಯ್ದು ಕಲ್ಲಿನ ಮ್ಯಾಲೆ ಕುಂದ್ರಿಸಿದ್ರೂ ಇಲ್ಲಿಂದ ಯಾರೂ ಒಯ್ಯಾಕಾಗೂದಿಲ್ಲ. ನಿಂದ ಹನ್ನೊಂದ ಮಾತಷ್ಟ ಐತಿ ಇಲ್ಲಿ. ಜಾಗ ಭಾಳ ಐತಿ." ಕಿವಿಯ ಹಿಂದಿನ ಎಲುಬನ್ನು ಮುಟ್ಟಿಕೊಂಡು, "ಹುಬ್ಬಳ್ಳಿಗೆ ಹೆಂಗೂ ಹೋಗೂದೈತಿ. ಆ ಅಕ್ಕಿಕಾಳಿನ ಡಾಕ್ಟರನ್ನೂ ನೋಡೂಣು" ಎಂದ.

ದ್ರಾಕ್ಷಾಯಣಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮೂಗು ಒರೆಸಿಕೊಂಡಳು. ಆತ ಹೇಳಿದ್ದು ನಿಜವೋ ಅಥವಾ ಇದೂ ಇನ್ನೊಂದು ಉದ್ದನೆಯ ಹೂಂ ಇರಬಹುದೋ ಎಂದು ನಿಯಂತ್ರಣ ಕೊಠಡಿಯಲ್ಲಿ ಗೆರೆ ನೋಡುತ್ತಿದ್ದ ಕಣ್ಣಿನಿಂದಲೇ ಆತನನ್ನು ನೋಡಿದಳು. ಆಮೇಲೆ ತುದಿಯನ್ನು ಮತ್ತೆ ಗದ್ದಕ್ಕೆ ಒತ್ತಿಕೊಂಡು, ಬೇಕೆಂದೇ, ಮೆಲ್ಲಗೆ ಕೇಳಿದಳು.

"ಗಿರಮಿಟ್ ತಿನ್ನೂಣೇನ್ರಿ?"

ಕನಸಿನಲ್ಲಿ ನಾಲ್ಕು ಸಾವಿರ ಸಲ ಕೇಳಿದ್ದ ಮಾತು. ನಾಲ್ಕು ಸಾವಿರ ಸಲವೂ ಹೂಂ ಎಂದಿದ್ದ ಮಾತು. ಅಂದಾನಪ್ಪ ಅದನ್ನು ಹಲ್ಲಿನಿಂದ ಎಲುಬಿಗೆ, ಎಲುಬಿನಿಂದ ಒಳಗೆ ಇಳಿಯಲು ಬಿಟ್ಟು, ರುಚಿ ನೋಡಿ, ಹಿಡಿಯನ್ನು ಬಾಯಿಂದ ತೆಗೆದ.

"ಬ್ಯಾಡ" ಎಂದ. "ಎದಿ ಉರಿತೈತಿ. ಚಹಾ ಕುಡಿಯೂಣು."

ಆರು ವರ್ಷದಲ್ಲಿ ಮೊದಲ ಬ್ಯಾಡ. ದ್ರಾಕ್ಷಾಯಣಿ ಎಷ್ಟು ನಕ್ಕಳೆಂದರೆ ಕಾಲು ತನ್ನಷ್ಟಕ್ಕೆ ತಾನೇ ಪೆಡಲಿನ ಮೇಲೆ ಬಿತ್ತು. ಮೂಕಿ ಎರಡೂವರೆ ಸೆಕೆಂಡಿನಲ್ಲಿ ಗುಡ್ಡವನ್ನು ಬಿಟ್ಟುಹೋಯಿತು, ಆ ಬ್ಯಾಡವೊಂದು ಜೊತೆಗೆ ಓಡಲಾರದೆ ಅಲ್ಲೇ ಉಳಿದು ಗಾಳಿಯಂತ್ರದ ರೆಕ್ಕೆಗೆ ಸಿಕ್ಕಿಕೊಂಡಿತು. ಈಗಲೂ ಅದು ಅಲ್ಲಿ ಸುತ್ತುತ್ತಿದೆ. ನಂಬದವರು ಡಂಬಳದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಇದ್ದರೆ ಆರಿಸಿ, ಪಕ್ಕದಲ್ಲಿ ಕೂತವರು ಮಾತು ಮುಗಿಸುವ ತನಕ ತಾಳಿ ಕೇಳಬೇಕು.